ತೊಂಬತ್ತೊಂಬತ್ತು ಕುರಿ ಯಾರ ಕೈಲಿ ಬಿಟ್ಟ?

ಒಂದು ಟಗರು ಖರ್ಚಾಯಿತು. ಅಂಥಿಂಥ ಟಗರಲ್ಲ. ಕೊಂಬು ಸುತ್ತಿಕೊಂಡು ಕೆನ್ನೆಗೆ ಬಂದಿದ್ದ, ಅಗಲ ಎದೆಯ, ಶ್ರೀರಾಂಪುರದ ಕಡೆಯ ಒಬ್ಬ ಮೊಂಡನ ಹತ್ತಿರ ಅರ್ಧ ದಿನ ಗುದ್ದಾಡಿ ತಂದಿದ್ದ ಟಗರು. ಅದನ್ನು ನೋಡಿದವರು ಮೊದಲು ಟಗರನ್ನು, ಆಮೇಲೆ ನನ್ನನ್ನು ಮಾತಾಡಿಸುತ್ತಿದ್ದರು. ಯಾಕೆ ಖರ್ಚಾಯಿತು ಅಂದರೆ, ಒಂದೇ ಕಥೆಗೆ ನಾಲ್ಕು ಅರ್ಥ ಇರುತ್ತವೆ ಎಂದು ನಂಬಿದ್ದ ಮನುಷ್ಯನೊಬ್ಬನನ್ನು ನಮ್ಮ ಬೀದಿಯಲ್ಲೇ ಉಳಿಸಿಕೊಳ್ಳಲು ಹೋದದ್ದಕ್ಕೆ. ಆ ಕಥೆ ನಮ್ಮ ದೇವರದ್ದಲ್ಲ. ಆ ಮನುಷ್ಯ ನಮ್ಮ ನಂಟನಲ್ಲ. ನಾಲ್ಕು ಅರ್ಥದಲ್ಲಿ ಒಂದಾದರೂ ನನ್ನ ಅಂಗಡಿಯಲ್ಲಿ ಖರ್ಚಾಗುವ ಸರಕಲ್ಲ. ನನಗೆ ಬೇಕಾಗಿದ್ದದ್ದು ನೀರು.

ಹೇಳುತ್ತೇನೆ. ಹಿರೇಗುಂಟನೂರಿನ ಹತ್ತಿರದ ಹಟ್ಟಿಯಿಂದ ಹೆಗಲ ಮೇಲೆ ಒಂದು ಕಂಬಳಿ ಹಾಕಿಕೊಂಡು ಹಿರಿಯೂರಿಗೆ ಬಂದವನು ನಾನು. ಆ ಕಂಬಳಿ ಮಾರಿ ಎರಡು ತಂದೆ, ಎರಡು ಮಾರಿ ಗಂಟು ತಂದೆ. ಹಾಗೇ ಅಂಗಡಿ ಆಯಿತು, ಜೊತೆಗೆ ಕುರಿ ವ್ಯಾಪಾರವೂ ಬೆಳೆಯಿತು. ಅಂಗಡಿಯ ಹಿಂದೆಯೇ ಮನೆ. ಆ ಬೀದಿಯ ಎಲ್ಲ ಬಾವಿಗಳ ನೀರೂ ಉಪ್ಪು. ಬೇಳೆ ಬೇಯುತ್ತಿರಲಿಲ್ಲ, ಹೆಂಗಸರ ಬಾಯಿ ನಿಲ್ಲುತ್ತಿರಲಿಲ್ಲ. ಇಡೀ ಬೀದಿಗೆ ಸಿಹಿನೀರು ಇದ್ದದ್ದು ಒಂದೇ ಕಡೆ, ನಮ್ಮ ಗೋಡೆಗೆ ಅಂಟಿಕೊಂಡಿದ್ದ ಸಣ್ಣ ಚರ್ಚಿನ ಕಾಂಪೌಂಡಿನಲ್ಲಿ. ದೇವರು ಎಲ್ಲಿ ನೀರು ಇಡಬೇಕು ಅನ್ನುವುದನ್ನು ನಮ್ಮನ್ನು ಕೇಳಿ ಮಾಡುವುದಿಲ್ಲ.

ಚಿತ್ರದುರ್ಗದಿಂದ ಫಾದರ್ ಅಪರೂಪಕ್ಕೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸಲು, ನಾಲ್ಕು ಮಾತು ಹೇಳಲು ಒಬ್ಬ ಉಪದೇಶಿಯನ್ನು ಇಟ್ಟಿದ್ದರು. ಉಪದೇಶಿ ಅಂದರೆ ಪಾದ್ರಿಯಲ್ಲ, ಹೆಂಡತಿ ಮಕ್ಕಳಿರುವ ಮನುಷ್ಯ. ಅವರು ಚರ್ಚಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಇರುವವರೆಗೆ ಗೇಟು ತೆಗೆದಿರುತ್ತಿತ್ತು. ಗೇಟು ತೆಗೆದಿದ್ದರೆ ನಮ್ಮ ಮನೆಯಲ್ಲಿ ಬೇಳೆ ಬೇಯುತ್ತಿತ್ತು. ನನ್ನ ಭಕ್ತಿ ಇಷ್ಟೇ.

ಹೊಸದಾಗಿ ಬಂದ ಉಪದೇಶಿ ಕರಾವಳಿ ಕಡೆಯವರು. ಮೀನು ಬಲ್ಲವರು, ಕುರಿಯನ್ನು ಹತ್ತಿರದಿಂದ ಕಂಡದ್ದು ಬಸ್ಸಿನ ಕಿಟಕಿಯಿಂದ. ತೆಳ್ಳಗಿನ ಮೈ, ದಪ್ಪ ಕನ್ನಡಕ, ಪುಸ್ತಕದಿಂದ ಈಗಷ್ಟೇ ಬಿಡಿಸಿ ತಂದಂಥ ಕನ್ನಡ. ಹೆಂಡತಿ ತುಂಬು ಬಸುರಿ. ಅಷ್ಟು ದೂರದ ತವರಿಗೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವ ಬದಲು ಇಲ್ಲೇ ಹೆರಿಗೆ ಎಂದು ತೀರ್ಮಾನಿಸಿ, ನಮ್ಮ ಬೀದಿಯ ಸೂಲಗಿತ್ತಿಯನ್ನು ಆಗಲೇ ಗೊತ್ತು ಮಾಡಿಕೊಂಡಿದ್ದ ಗಟ್ಟಿ ಹೆಂಗಸು. ಬಾವಿಕಟ್ಟೆಯಲ್ಲಿ ನನ್ನ ಹೆಂಡತಿಗೂ ಆಕೆಗೂ ಎಷ್ಟು ಸ್ನೇಹವಾಗಿತ್ತೆಂದರೆ ಒಂದು ಕೊಡ ನೀರು ತರಲು ಅರ್ಧ ಬೆಳಿಗ್ಗೆ ಬೇಕಾಗುತ್ತಿತ್ತು.

ಚರ್ಚಿನ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದ ಹೊಸತು ಅದು. ಅದಕ್ಕೆ ಮೊದಲು ಒಳಗೆ ಏನು ನಡೆದರೂ ಹೊರಗಿನವರಿಗೆ ತೊಂದರೆ ಇರಲಿಲ್ಲ. ತಿಳಿಯದ ಮಾತಿಗೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲವಲ್ಲ. ಕನ್ನಡವಾದದ್ದೇ ಫಜೀತಿ ಶುರುವಾಯಿತು.

ಆ ಭಾನುವಾರ ನಮ್ಮಣ್ಣ ಬಂದಿದ್ದ. ನಾನು ಊರು ಸೇರಿ ವ್ಯಾಪಾರಿಯಾದರೆ ಅವನು ಕುರಿ ಹಿಂದೆಯೇ ಉಳಿದವನು. ಉಪ್ಪು, ಎಲೆಅಡಿಕೆ ಒಯ್ಯಲು ಪೇಟೆಗೆ ಬಂದಾಗ ಅಂಗಡಿಯಲ್ಲಿ ಕೂರದೆ ಚರ್ಚಿನ ಬಾಗಿಲ ಬಳಿಯ ಬೇವಿನ ನೆರಳಲ್ಲಿ ಕೂರುತ್ತಿದ್ದ. ಅಂಗಡಿಯಲ್ಲಿ ಕೂತರೆ ನಾನು ಬುದ್ಧಿ ಹೇಳುತ್ತೇನಂತೆ. ಅವತ್ತು ಒಳಗೆ ಉಪದೇಶಿ ಹೇಳುತ್ತಿದ್ದದ್ದು ಕುರಿಯ ಕಥೆ. ಅಣ್ಣ ಎದ್ದು ಹೊಸ್ತಿಲ ಬಳಿ ಹೋಗಿ ನಿಂತ. ನಾನೂ ಹೋದೆ. ಕಥೆ ಇಷ್ಟು: ಒಬ್ಬನ ಹತ್ತಿರ ನೂರು ಕುರಿ ಇದ್ದವು. ಒಂದು ಕಳೆದುಹೋಯಿತು. ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಆ ಒಂದನ್ನು ಹುಡುಕಲು ಹೊರಟ.

"ನಿಲ್ಸಿ ಸ್ವಾಮಿ," ಅಂದ ಅಣ್ಣ. "ತೊಂಬತ್ತೊಂಬತ್ತು ಯಾರ ಕೈಲಿ ಬಿಟ್ಟ?"

ಉಪದೇಶಿ ಕನ್ನಡಕ ಸರಿಮಾಡಿಕೊಂಡರು. "ಅಡವಿಯಲ್ಲಿ ಬಿಟ್ಟ ಎಂದು ಬರೆದಿದೆ, ಯಜಮಾನ್ರೇ."

"ಅಡವೀಲಿ ಬಿಟ್ಟ ಸರಿ, ಯಾರ ಕೈಲಿ ಬಿಟ್ಟ? ಆ ದೇಶದಾಗೆ ತೋಳ ಇಲ್ವಾ?"

"ಇದಕ್ಕೆ ಒಳಗಿನ ಅರ್ಥ ಬೇರೆ ಇದೆ. ತೊಂಬತ್ತೊಂಬತ್ತು ಅಂದರೆ ಪರಲೋಕದಲ್ಲಿರುವ ದೇವದೂತರು ಎಂದು ಹಿಂದಿನ ದೊಡ್ಡವರು ಹೇಳಿದ್ದಾರೆ."

"ದೂತರಿಗೆ ತೋಳ ಏನೂ ಮಾಡಾಕಿಲ್ಲ ಬಿಡ್ರಿ. ನಾನು ಕೇಳಿದ್ದು ಕುರಿ ವಿಷ್ಯ."

ಒಳಗೆ ಕೂತಿದ್ದವರು ನಕ್ಕುಬಿಟ್ಟರು. ರಸ್ತೆ ಕೆಲಸದ ನಾಲ್ಕಾರು ಮನೆಯವರು, ನೀರಾವರಿ ಆಫೀಸಿನ ಗುಮಾಸ್ತ, ಆಸ್ಪತ್ರೆಯ ನರ್ಸಮ್ಮ, ಎಲ್ಲರೂ ನಕ್ಕರು. ನಗದೆ ಉಳಿದವರು ಇಬ್ಬರೇ. ಉಪದೇಶಿ, ಯಾಕೆಂದರೆ ಅವರಿಗೆ ಉತ್ತರ ಗೊತ್ತಿರಲಿಲ್ಲ. ನಮ್ಮಣ್ಣ, ಯಾಕೆಂದರೆ ಅವನಿಗೆ ನಿಜವಾಗಿಯೂ ಆ ಕುರಿಗಳ ಚಿಂತೆ ಹತ್ತಿತ್ತು. ಅವನಿಗೆ ತಮಾಷೆ ಮಾಡಲು ಬರುವುದಿಲ್ಲ. ಮನೆತನದ ತಮಾಷೆಯೆಲ್ಲ ನನ್ನ ಪಾಲಿಗೇ ಬಂದಿದೆ.

ನಮ್ಮೂರಿಗೆ ಇಂಥದ್ದೊಂದು ಸಿಕ್ಕರೆ ಸಾಕು. ಮರುದಿನದಿಂದ ಉಪದೇಶಿ ಬೀದಿಗೆ ಇಳಿಯುವ ಹಾಗಿಲ್ಲ. ಟೀ ಅಂಗಡಿಯವನು, "ಏನ್ ಉಪದೇಶಿಗಳೇ, ಸಿಕ್ಕಿದ್ವಾ ತೊಂಬತ್ತೊಂಬತ್ತು?" ಅನ್ನುವನು. ಕ್ಷೌರದವನು ಒಳಗಿನಿಂದಲೇ, "ಒಂದು ಸಿಕ್ತಂತಲ್ಲೋ, ಅಷ್ಟರಾಗೆ ಉಳಿದವನ್ನ ನಮ್ಮ ಸಾಹುಕಾರ ಸಂತೇಲಿ ಮಾರಿದ್ನಂತೆ" ಅನ್ನುವನು. ಸಾಹುಕಾರ ಅಂದರೆ ನಾನು. ಧರ್ಮದ ವಿಷಯ ಚರ್ಚೆಯಾಗುವಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು.

ನರ್ಸಮ್ಮ ಚಿತ್ರದುರ್ಗಕ್ಕೆ ಹೋದಾಗ ಇದನ್ನು ಫಾದರ್ ಮುಂದೆ ನಗುನಗುತ್ತಾ ಹೇಳಿದಳು. ಫಾದರ್ ನಗಲಿಲ್ಲ. ಉಪದೇಶಿಯನ್ನು ಕರೆಸಿದರು. ಸಂಜೆ ಬಸ್ಸಿನಲ್ಲಿ ವಾಪಸ್ಸು ಬಂದ ಮನುಷ್ಯ ಮನೆಗೆ ಹೋಗದೆ ನೇರ ನನ್ನ ಅಂಗಡಿಗೆ ಬಂದು ಕಂಬಳಿ ಗಂಟಿನ ಮೇಲೆ ಕೂತುಬಿಟ್ಟರು.

"ಚರ್ಚಿನ ಹಬ್ಬಕ್ಕೆ ಫಾದರ್ ಬರ್ತಾರೆ ಸಾಹುಕಾರ್ರೇ. ಅದೇ ಕಥೆ ಹೇಳಬೇಕಂತೆ. ನಾಲ್ಕು ಅರ್ಥವನ್ನೂ ಕ್ರಮವಾಗಿ ಬಿಡಿಸಬೇಕಂತೆ. ಬೀದಿಯವರ ಪ್ರಶ್ನೆಗೂ ಅದರಲ್ಲೇ ಉತ್ತರ ಇರಬೇಕಂತೆ. ಇಲ್ಲದಿದ್ದರೆ ನನ್ನನ್ನು ಬೇರೆ ಕಡೆ ಕಳಿಸಿ ಇಲ್ಲಿಗೆ ಬೀಗ ಹಾಕ್ತಾರೆ. ಇವಳ ಈ ಸ್ಥಿತಿಯಲ್ಲಿ ಎಲ್ಲಿಗೆ ಹೋಗಲಿ?"

ಬೀಗ ಅಂದ ಕೂಡಲೇ ನನಗೆ ಬಾವಿ ಕಂಡಿತು, ಬಾವಿಯ ಹಿಂದೆ ನನ್ನ ಹೆಂಡತಿಯ ಮುಖ ಕಂಡಿತು. ಟೀ ತರಿಸಿದೆ.

"ನಾಲ್ಕು ಅರ್ಥ ಅಂದ್ರೇನು? ಒಂದು ಸಾಮಾನಿಗೆ ನಾಲ್ಕು ರೇಟಾ?"

ಅವರು ಬಿಡಿಸಿ ಹೇಳಿದರು. ಶಾಸ್ತ್ರದ ಮಾತಿಗೆ ಮೊದಲನೆಯದು ನೇರ ಅರ್ಥ, ನಡೆದದ್ದೇನು ಅನ್ನುವುದು. ಅದರ ಕೆಳಗೆ ಗೂಢಾರ್ಥ, ಆ ನಡೆದದ್ದು ಯಾರ ಕಡೆಗೆ ಬೆರಳು ತೋರಿಸುತ್ತದೆ ಅನ್ನುವುದು. ಮೂರನೆಯದು ನೀತಿ, ಕೇಳಿದವನು ಏನು ಮಾಡಬೇಕು. ನಾಲ್ಕನೆಯದು ಕೊನೆಯ ಅರ್ಥ, ಎಲ್ಲ ಮುಗಿದ ಮೇಲೆ ನಾವು ಹೋಗಿ ಸೇರುವುದು ಎಲ್ಲಿಗೆ. "ಯೆರೂಸಲೇಮ್ ಅಂದರೆ ಮೊದಲು ಕಲ್ಲು ಮಣ್ಣಿನ ಒಂದು ಊರು. ಒಳಗಿನ ಅರ್ಥದಲ್ಲಿ ಅದು ನಂಬಿದವರ ಸಭೆ. ನೀತಿಯಲ್ಲಿ ಮನುಷ್ಯನ ಆತ್ಮ. ಕೊನೆಯಲ್ಲಿ ಪರಲೋಕದ ಪಟ್ಟಣ. ಗೊತ್ತಾಯ್ತಾ?"

"ಗೊತ್ತಾಗದೇ ಏನು? ಹೊಳಲ್ಕೆರೆ ಇದ್ದಂಗೆ."

"ಹೊಳಲ್ಕೆರೆಯಾ?"

"ಹೊಳಲ್ಕೆರೆ ಅಂದ್ರೆ ಮೊದಲು ಒಂದು ಊರು. ಒಳಗಿನ ಅರ್ಥ, ನನ್ನ ಮಾವನ ಮನೆ. ನೀತಿ ಏನು ಅಂದ್ರೆ, ಅಲ್ಲಿ ಬಾಯಿ ಮುಚ್ಕಂಡು ಕುಂತಿರಬೇಕು. ಕೊನೇ ಅರ್ಥ, ಎಷ್ಟು ತಪ್ಪಿಸ್ಕಂಡ್ರೂ ಹಬ್ಬಕ್ಕೆ ಅಲ್ಲಿಗೇ ಹೋಗಿ ಸೇರಬೇಕು."

ಅವರು ಅಷ್ಟು ದುಃಖದಲ್ಲೂ ನಕ್ಕರು. ನನಗೆ ಹುರುಪು ಬಂತು. ಸಲಹೆ ಕೊಡುವುದರಲ್ಲಿ ನಾನು ಕಂಜೂಸಿ ಅಲ್ಲ. ಕುರಿ ವ್ಯಾಪಾರದಲ್ಲಿ ನಾವು ಟವೆಲ್ ಹೊದಿಸಿ ಅದರ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸುತ್ತೇವೆ. ಬಾಯಿ ಹೊರಗೆ ಮಳೆ, ಮದುವೆ ಅಂತ ಏನಾದರೂ ಹರಟುತ್ತಿರುತ್ತದೆ, ನಿಜವಾದ ಮಾತು ಬಟ್ಟೆಯ ಕೆಳಗೆ. "ನೀವೂ ಹಂಗೇ ಮಾಡ್ರಿ. ಮೇಲಿನ ಅರ್ಥ ಬರೀ ಬಾಯಿ ಮಾತು. ಅದನ್ನ ಬೇಗ ದಾಟಿಸಿ, ಸೀದಾ ನಾಲ್ಕನೇದಕ್ಕೆ ಹತ್ತಿಬಿಡ್ರಿ. ಪರಲೋಕದಾಗೆ ತೋಳ ಐತೆ ಅಂತ ಯಾವನೂ ಎದ್ದು ಕೇಳಾಕಿಲ್ಲ."

"ಆಗೋದಿಲ್ಲ ಮಾರಾಯ್ರೆ. ಮೊದಲಿನ ಅರ್ಥ ನಿಂತರೆ ಮಾತ್ರ ಉಳಿದ ಮೂರು ನಿಲ್ಲುವುದು. ನಮಗೆ ಕಲಿಸಿದ್ದೇ ಹಾಗೆ."

"ಹಂಗಾದ್ರೆ ಕುರಿ ಕಡಿಮೆ ಮಾಡ್ರಿ. ನೂರು ಬ್ಯಾಡ, ಹತ್ತು ಅನ್ರಿ. ಒಂಬತ್ತು ಬಿಟ್ಟು ಹೋದ ಅಂದ್ರೆ ಅಷ್ಟು ಹೊಟ್ಟೆ ಉರಿಯಲ್ಲ."

"ಶಾಸ್ತ್ರದಲ್ಲಿ ಚೌಕಾಸಿ ಮಾಡಬಾರದು."

"ಒಂದು ನಾಯಿನಾದ್ರೂ ಸೇರಿಸ್ರಿ."

"ನಾಯಿಯನ್ನು ಸೇರಿಸಿದರೆ ಅದಕ್ಕೂ ನಾಲ್ಕು ಅರ್ಥ ಹೇಳಬೇಕಾಗ್ತದೆ."

ಇಂಥ ಗಿರಾಕಿಯನ್ನು ನಾನು ಹೊಸದುರ್ಗದ ಸಂತೆಯಲ್ಲೂ ಕಂಡಿಲ್ಲ. ಬೆಲೆಯೂ ಇಳಿಸುವುದಿಲ್ಲ, ಸರಕೂ ಬದಲಿಸುವುದಿಲ್ಲ. ಕೊನೆಗೆ ಅಂದೆ, "ಎದ್ದೇಳ್ರಿ, ನಾಳೆ ಬಬ್ಬೂರಿಗೆ ಹೋಗಾಣ. ಕೇಳಿದವನನ್ನೇ ಹಿಡ್ಕಂಡು ಕೇಳಾಣ."

ಆ ದಿನಗಳಲ್ಲಿ ಅಣ್ಣನ ಮಂದೆ ಬಬ್ಬೂರಿನ ಹೊಲಗಳಲ್ಲಿತ್ತು. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಹೊಲದವನು ಕೊಡುವ ಕಾಳು ಕುರಿಯವರಿಗೆ. ನಮ್ಮ ಕಡೆ ಹಿಂದಿನಿಂದ ನಡೆದು ಬಂದ ಪದ್ಧತಿ. ನಾವು ಹೋದಾಗ ಹೊತ್ತು ಮುಳುಗುವುದರಲ್ಲಿತ್ತು. ಮಂದೆ ಇತ್ತು, ಅಣ್ಣ ಇರಲಿಲ್ಲ. ಅವನ ಜೊತೆಗಾರರಿಬ್ಬರು ಕೋಲು ಊರಿಕೊಂಡು ನಿಂತಿದ್ದರು. ಇವರು ಅಣ್ಣನ ಸಂಬಳದವರಲ್ಲ, ತಮ್ಮ ಕುರಿಯನ್ನೂ ಇದೇ ಮಂದೆಗೆ ಬಿಟ್ಟವರು.

"ಒಂದು ಕುಂಟು ಕುರಿ ಹಿಂದೆ ಉಳೀತು. ಹುಡುಕಾಕೆ ಹೋಗ್ಯಾನೆ. ಬರ್ರಿ, ಕುಂತ್ಕಳ್ರಿ," ಅಂದ ಒಬ್ಬ.

ಉಪದೇಶಿ ಕೂರಲಿಲ್ಲ. ಕುರಿಗಳನ್ನು ನೋಡುತ್ತ ನಿಂತರು. ಕುರಿಗಳೂ ಅವರ ಕನ್ನಡಕವನ್ನು ನೋಡುತ್ತ ನಿಂತವು. ಬೆಳಕು ಪೂರ್ತಿ ಹೋಗುವುದಕ್ಕೆ ಮೊದಲು ಅಣ್ಣ ಬಂದ. ಕುಂಟು ಕುರಿ ಹೆಗಲ ಮೇಲಿತ್ತು. ಚರ್ಚಿನ ಗೋಡೆಯ ಮೇಲಿನ ಚಿತ್ರದಲ್ಲಿಯೂ ಕುರಿ ಹೀಗೇ ಹೆಗಲ ಮೇಲೆ ಇದೆ. ಆದರೆ ಚಿತ್ರದವನು ಕುರಿಗೆ ಹಾಗೆ ಬೈಯುತ್ತಿರುವಂತೆ ಕಾಣುವುದಿಲ್ಲ.

"ಸಿಕ್ತಾ?" ಅಂದ ಜೊತೆಗಾರ.

"ಸಿಕ್ತು. ಜಾಲಿ ಪೊದೇಲಿ ಸಿಕ್ಕಂಡಿತ್ತು ಮುಂಡೇದು."

ಅಷ್ಟೇ ಮಾತು. ಉಪದೇಶಿ ಮುಂದೆ ಬಂದು ಕೇಳಿದರು. "ಯಜಮಾನ್ರೇ, ಈಗ ನೀವು ಈ ಮಂದೆಯನ್ನು ಯಾರ ಕೈಯಲ್ಲಿ ಬಿಟ್ಟು ಹೋಗಿದ್ದಿರಿ?"

ಅಣ್ಣ ನನ್ನ ಕಡೆ ತಿರುಗಿದ. ಈ ಮನುಷ್ಯನಿಗೆ ಮೈಯಲ್ಲಿ ಹುಷಾರಿಲ್ಲವೇ ಅನ್ನುವ ಹಾಗೆ ನೋಡಿದ. "ಇವರಿದ್ದಾರಲ್ಲ ಸ್ವಾಮಿ!"

"ಹಾಗಾದರೆ ಅವತ್ತು ನನ್ನನ್ನು ಯಾಕೆ ಕೇಳಿದಿರಿ?"

"ನಿಮ್ಮ ಕಥೇಲಿ ಇವರಿಲ್ವಲ್ಲ. ಅವನೊಬ್ಬನೇ ಇದ್ದ. ನೂರು ಕುರಿ ಇಟ್ಕಂಡು ಒಬ್ಬನೇ ಯಾವನು ಅಡವಿಗೆ ಹೋಗ್ತಾನೆ? ಅಂಥವನಿಗೆ ಕುರಿ ಕೊಟ್ಟವನ್ನ ಮೊದಲು ಒದೀಬೇಕು."

"ಒಬ್ಬನೇ ಇದ್ದ ಅಂತ ನಾನು ಹೇಳಿಲ್ಲ."

"ಇನ್ನೊಬ್ಬ ಇದ್ದ ಅಂತಾನೂ ಹೇಳಲಿಲ್ಲ."

ಬಸ್ಸಿಗೆ ನಡೆದು ಬರುವಾಗ ಉಪದೇಶಿ ತಿರುತಿರುಗಿ ಮಂದೆಯ ಕಡೆ ನೋಡುತ್ತಿದ್ದರು. ನಾನು ಮಾತ್ರ ಪ್ರವಚನ ಹೇಗೆ ಮಾಡಬೇಕು, ಕೈ ಎಲ್ಲಿ ಇಡಬೇಕು, ಧ್ವನಿ ಎಲ್ಲಿ ಏರಿಸಬೇಕು ಎಂದೆಲ್ಲ ಹೇಳುತ್ತ ಬಂದೆ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಉಪದೇಶಿ ಓಡಿ ಬಂದರು. ಲುಂಗಿ ಉಟ್ಟಿದ್ದರು, ಕನ್ನಡಕ ಹಣೆಯ ಮೇಲಿತ್ತು.

"ಇದ್ದಾರೆ, ಸಾಹುಕಾರ್ರೇ! ಕಥೆಯ ಕೊನೆಯಲ್ಲಿ ಇದ್ದಾರೆ! ಕುರಿ ಸಿಕ್ಕ ಮೇಲೆ ಅವನು ಮನೆಗೆ ಬಂದು ಸ್ನೇಹಿತರನ್ನೂ ನೆರೆಯವರನ್ನೂ ಕರೀತಾನೆ, ನನ್ನ ಜೊತೆ ಸಂತೋಷಪಡಿ ಅಂತಾನೆ. ಇಷ್ಟು ಸಲ ಓದಿದ್ದೇನೆ, ಅವರು ಯಾರು ಅಂತ ಒಂದು ಸಲವೂ ಯೋಚಿಸಿಲ್ಲ. ಅವರು ಕೊನೆಯಲ್ಲಿ ಆಕಾಶದಿಂದ ಇಳಿದರಾ? ಮೊದಲಿಂದ ಇದ್ದವರೇ. ಕಥೆ ಕೇಳಿದ ಆ ಕಾಲದವರಿಗೆ ಅದು ಹೇಳಬೇಕಾದ ಮಾತೇ ಅಲ್ಲ. ನಾನು ಕೇಳುವವರೆಗೆ ನಿಮ್ಮಣ್ಣ ಜೊತೆಗಾರರ ಮಾತು ಎತ್ತದೇ ಇದ್ದ ಹಾಗೆ."

ನಾನು ವ್ಯಾಪಾರಿ. ಸರಕು ತಿರುಗಿಸಿ ನೋಡದೆ ಒಪ್ಪುವುದಿಲ್ಲ. "ಕರೆದ ಸರಿ. ಕರೆದು ಊಟಕ್ಕೆ ಏನು ಹಾಕಿದ?"

"ಅದು ಬರೆದಿಲ್ಲ."

"ಕುರುಬನ ಮನೇಲಿ ಸಂತೋಷ ಅಂದ್ರೆ ಒಂದು ಕುರಿ ಕಡೀಬೇಕು. ಸಿಕ್ಕಿದ್ದು ಒಂದು, ಕಡಿದಿದ್ದು ಒಂದು. ಈ ಕಥೇಲಿ ಲಾಭ ಎಲ್ಲೈತೆ ಸ್ವಾಮಿ?"

"ನಿಮ್ಮ ಲಾಭ ನಾಲ್ಕನೇ ಅರ್ಥದಲ್ಲಿದೆ," ಎಂದು ಹೇಳಿ ಹೊರಟೇಬಿಟ್ಟರು. ಅಷ್ಟು ಹೊತ್ತಿಗೆ ನನ್ನ ಜೊತೆ ಮಾತಾಡುವುದು ಕಲಿತಿದ್ದರು.

ಹಬ್ಬದ ದಿನ ಫಾದರ್ ಬಂದರು. ಎತ್ತರದ ಆಳು, ಬಿಳಿ ನಿಲುವಂಗಿ, ಎಮ್ಮೆ ಕೊಳ್ಳಲು ಬಂದವರ ಹಾಗೆ ಮುಖದಲ್ಲಿ ಯಾವ ಸುಳಿವೂ ಇಲ್ಲ. ಒಳಗೆ ಅವರ ಜನ, ಬಾಗಿಲಿನಿಂದ ಗೇಟಿನವರೆಗೆ ನಮ್ಮ ಜನ. ಟೀ ಅಂಗಡಿಯವನು ಬೆಂಕಿ ಆರಿಸಿ ಬಂದಿದ್ದ. ಮಂದೆಯನ್ನು ಜೊತೆಗಾರರ ಕೈಲಿ ಬಿಟ್ಟು ನಮ್ಮಣ್ಣನೂ ಬಂದಿದ್ದ. ಉಪದೇಶಿ ಬೀಳುವುದನ್ನು ನೋಡಲು ಊರು ಬೇಗ ಸೇರುತ್ತದೆ. ಬಾವಿ ಅದೇ ಕಾಂಪೌಂಡಿನಲ್ಲಿದೆ ಅನ್ನುವುದು ಒಬ್ಬನಿಗೂ ನೆನಪಿಲ್ಲ.

ಉಪದೇಶಿ ಶುರು ಮಾಡಿದರು. ನೇರ ಅರ್ಥದಲ್ಲಿ ಅವಸರ ಮಾಡಲಿಲ್ಲ. ಮಂದೆ ಅಂದರೆ ಏನು, ಅದನ್ನು ಒಬ್ಬನೇ ಕಾಯುವುದು ಯಾಕೆ ಆಗುವುದಿಲ್ಲ, ಜೊತೆಗಾರ ಅಂದರೆ ಯಾರು, ಎಲ್ಲವನ್ನೂ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಕಂಡವರೇ ತಾನೆ. ಕೊನೆಯಲ್ಲಿ ಬರುವ ನೆರೆಯವರನ್ನು ಕೈಹಿಡಿದು ಕಥೆಯ ಮೊದಲಿಗೆ ಕರೆತಂದು ನಿಲ್ಲಿಸಿದರು. ಗೂಢಾರ್ಥದಲ್ಲಿ ಕುರುಬ ಅವರ ದೇವರಾದ, ನೆರೆಯವರು ದೇವದೂತರೂ ಸಂತರೂ ಆದರು. ಫಾದರ್ ತಲೆ ಅಲ್ಲಾಡಿತು. ಆಮೇಲೆ ನೀತಿಗೆ ಬಂದರು.

"ಹುಡುಕಲು ಹೋದವನ ಮೇಲೆ ಕಥೆ ಹುಟ್ಟಿತು. ಉಳಿದದ್ದನ್ನು ಕಾಯುತ್ತ ನಿಂತವರ ಮೇಲೆ ಹುಟ್ಟಲಿಲ್ಲ. ಅವರು ನಿಂತದ್ದರಿಂದಲೇ ಇವನು ಹೋಗಲು ಆಯಿತು. ನಾವು ಎಲ್ಲರೂ ಹುಡುಕುವವರಾಗಲು ಆಸೆಪಡುತ್ತೇವೆ. ನಿಂತು ಕಾಯುವ ನೆರೆಯವರಾಗಲು ಯಾರಿದ್ದೀರಿ?"

ಬಾಗಿಲ ಬಳಿ ನಮ್ಮಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಿಸಿಲು ಇತ್ತು, ಬೆವರು ಇರಬಹುದು. ನಾಲ್ಕನೆಯ ಅರ್ಥದಲ್ಲಿ ಕೊನೆಗೆ ಎಲ್ಲರೂ ಒಂದೇ ಹಟ್ಟಿ ಸೇರುತ್ತೇವೆ, ಅಲ್ಲಿ ಕಾವಲೇ ಬೇಕಿಲ್ಲ ಎಂದರು ಉಪದೇಶಿ. ಅಣ್ಣ ತಡೆಯಲಾರದೆ, "ಒಬ್ಬನ್ನಾದ್ರೂ ಇಟ್ಟಿರ್ರಿ ಸ್ವಾಮಿ" ಅಂದ. ಎಲ್ಲರೂ ನಕ್ಕರು. ಈ ಸಲ ಉಪದೇಶಿಯೂ ನಕ್ಕರು, ಫಾದರ್ ಕೂಡ.

ಅಲ್ಲಿಗೆ ಸುಮ್ಮನಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು. ನಾನು ಇದ್ದೆನಲ್ಲ.

ಫಾದರ್ ಹೊರಗೆ ಬಂದು ಬೇವಿನ ಕೆಳಗೆ ಕುರ್ಚಿ ಹಾಕಿಸಿ ಕೂತರು. ನಾನು ಹೋಗಿ ಕೈಮುಗಿದು ಉಪದೇಶಿಯನ್ನು ಹೊಗಳತೊಡಗಿದೆ. ಇಂಥ ಮಾತುಗಾರ ಜಿಲ್ಲೆಯಲ್ಲೇ ಇಲ್ಲ ಅಂದೆ. ಹೊಸದುರ್ಗದಿಂದ ಹಿರಿಯೂರಿನವರೆಗೆ ಎಲ್ಲ ಜಾತಿಯವರೂ ಕೂತು ಕೇಳುವಂಥದ್ದು ಅಂದೆ. ಕಲ್ಲಿಗೆ ಹೇಳಿದರೂ ಅರ್ಥವಾಗುತ್ತದೆ ಅಂದೆ. ಜೀವಮಾನವೆಲ್ಲ ಸಂತೆಯಲ್ಲಿ ಕಳೆದವನು, ಮಾರುವಾಗ ಹೊಗಳಬೇಕು, ಕೊಳ್ಳುವಾಗ ಮೂಗು ಮುರಿಯಬೇಕು ಅನ್ನುವ ಒಂದನೇ ಪಾಠವನ್ನು ಅವತ್ತು ಮರೆತೆ. ಆ ಮನುಷ್ಯನನ್ನು ನಾನು ಮಾರಲು ನಿಂತಿರಲಿಲ್ಲ, ಉಳಿಸಿಕೊಳ್ಳಲು ನಿಂತಿದ್ದೆ.

ಫಾದರ್ ಪೂರ್ತಿ ಕೇಳಿದರು. ಆಮೇಲೆ ಸಮಾಧಾನವಾಗಿ ಹೇಳಿದರು, "ನೀವು ಹೇಳುವುದು ನಿಜ. ಇಂಥವರು ಈ ಮೂಲೆಯಲ್ಲಿ ಇರುವುದೇ ತಪ್ಪು. ಚಿತ್ರದುರ್ಗದಲ್ಲಿ ಹೊಸ ಉಪದೇಶಿಗಳಿಗೆ ಪಾಠ ಹೇಳಲು ಒಬ್ಬರು ಬೇಕಾಗಿದ್ದರು. ಕರೆದುಕೊಂಡು ಹೋಗುತ್ತೇನೆ. ಇಲ್ಲಿಗೆ ನಾನೇ ಆಗಾಗ ಬರುತ್ತೇನೆ. ಗೇಟಿಗೆ ಬೀಗ ಇರಲಿ."

ಕೆಟ್ಟದಾಗಿ ಹೇಳಿದ್ದರೆ ಹೋಗಬೇಕಿತ್ತು. ಚೆನ್ನಾಗಿ ಹೇಳಿದ್ದಕ್ಕೂ ಹೋಗಬೇಕಾಯಿತು. ಉಪದೇಶಿಯ ಹೆಂಡತಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ನನ್ನ ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಮಾತ್ರ ಒಂದೇ ಅರ್ಥ ಇತ್ತು.

ನಾನು ಹೆಗಲ ಟವೆಲ್ ತೆಗೆದು ಫಾದರ್ ಮುಂದೆ ಬಿಚ್ಚಿದೆ. ಅಭ್ಯಾಸ.

"ಟವೆಲ್ ಹೆಗಲ ಮೇಲೇ ಇರಲಿ," ಅಂದರು ಫಾದರ್. "ನನ್ನ ವ್ಯಾಪಾರ ಬಯಲಲ್ಲೇ."

"ಹಂಗಾದ್ರೆ ಬಯಲಲ್ಲೇ ಕೇಳ್ತೀನಿ. ಇಲ್ಲಿರೋ ಜನರನ್ನ ಯಾರ ಕೈಲಿ ಬಿಟ್ಟು ಹೋಗ್ತೀರಿ?"

ಗುಂಪು ಹೋ ಅಂದಿತು. ಗೆದ್ದೆ ಅಂದುಕೊಂಡೆ. ಫಾದರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಿಮ್ಮ ಕೈಯಲ್ಲಿ. ನೀವೇ ತಾನೆ ನೆರೆಯವರು? ಮೂರನೇ ಅರ್ಥ ಈಗಷ್ಟೇ ಕೇಳಿದಿರಿ."

"ಸ್ವಾಮಿ, ನಾನು ನಿಮ್ಮ ಮತದವನೇ ಅಲ್ಲ!"

"ನೆರೆಯವರ ಮತ ಯಾವುದು ಅಂತ ಕಥೆಯಲ್ಲಿ ಬರೆದಿಲ್ಲ."

ಆಗ ಮಾತಾಡಿದ್ದು ಉಪದೇಶಿಯ ಹೆಂಡತಿ. ಕೂತಲ್ಲಿಂದಲೇ ಹೇಳಿದಳು, "ಇವರನ್ನು ಕರೆದುಕೊಂಡು ಹೋಗಿ ಫಾದರ್. ನಾನು ಬರೋದಿಲ್ಲ. ಹೆರಿಗೆ ಇಲ್ಲೇ. ಸೂಲಗಿತ್ತಿಯೂ ಇಲ್ಲಿದ್ದಾಳೆ, ನೆರೆಯವರೂ ಇಲ್ಲಿದ್ದಾರೆ. ಬೀಗ ಹಾಕುವುದಾದರೆ ಒಳಗೆ ನನ್ನನ್ನು ಸೇರಿಸಿ ಹಾಕಿ."

ಫಾದರ್ ಬಾವಿಯ ಕಡೆ ತಿರುಗಿದರು. ನಾನು ಸಂದಿನಲ್ಲಿ ತೂರಿದೆ. "ಸ್ವಾಮಿ, ಇವರನ್ನ ಅಲ್ಲಿಗೆ ಯಾಕೆ ಒಯ್ತೀರಿ? ಕಲಿಯೋರನ್ನೇ ಇಲ್ಲಿಗೆ ಕಳಿಸ್ರಿ. ಚಿತ್ರದುರ್ಗದಾಗೆ ಪುಸ್ತಕ ಅವೆ, ಕುರಿ ಎಲ್ಲಿ ಅವೆ? ಮೊದಲನೇ ಅರ್ಥ ಕಲಿಯಾಕೆ ಬಬ್ಬೂರಿಗೇ ಬರಬೇಕು."

ಅದು ಅವರಿಗೆ ನಾಟಿತು. ಆದರೂ ಸುಲಭಕ್ಕೆ ಬಿಡುವವರಲ್ಲ. "ಆಗಲಿ. ಆದರೆ ಒಂದು ಉಳಿಯಿತಲ್ಲ. ಕಳೆದದ್ದು ಸಿಕ್ಕ ಮೇಲೆ ಅವನು ನೆರೆಯವರನ್ನು ಕರೆದ. ಇಷ್ಟು ಜನ ಸೇರಿದ್ದಾರೆ. ಬರೀ ಮಜ್ಜಿಗೆ ಕೊಟ್ಟು ಕಳಿಸಿದ ಎಂದು ನನಗೆ ಅನಿಸುವುದಿಲ್ಲ."

ನಾನು ಆಕಾಶ ನೋಡಿದೆ. ಅಣ್ಣ ಹಿಂದಿನಿಂದ, ಅದೇ ಗಂಭೀರ ಮುಖದಿಂದ, "ತಮ್ಮನ ಟಗರು ಐತಲ್ಲ ಸ್ವಾಮಿ, ಅಂಗಡಿ ಹಿಂದೇನೇ ಕಟ್ಟ್ಯಾನೆ" ಅಂದ.

"ಲೇ ಅಣ್ಣಾ!"

"ಏನಪ್ಪ? ಕೇಳ್ದಾಗ ಇಲ್ಲ ಅನ್ಬೇಕಾ?"

ಆ ಮಧ್ಯಾಹ್ನ ಇಡೀ ಬೀದಿ ಕಾಂಪೌಂಡಿನಲ್ಲಿ ಉಂಡಿತು. ಕ್ಷೌರದವನು ಎರಡು ಸಲ ಬಡಿಸಿಕೊಂಡು, ಒಳಗಿನ ಅರ್ಥ ಚೆನ್ನಾಗಿ ಬೆಂದಿದೆ ಎಂದು ನನ್ನನ್ನು ಹುಡುಕಿಕೊಂಡು ಬಂದು ಹೇಳಿ ಹೋದ. ಉಪದೇಶಿ ಉಳಿದರು. ಹೆರಿಗೆ ಸಲೀಸಾಯಿತು, ಹೆಣ್ಣು ಮಗು. ಹೊಸ ಉಪದೇಶಿಗಳು ಚಿತ್ರದುರ್ಗದಿಂದ ಒಬ್ಬೊಬ್ಬರಾಗಿ ಬಂದು ಕಲಿತು ಹೋಗುತ್ತಿದ್ದರು. ಅವರನ್ನೆಲ್ಲ ಅಣ್ಣ ಮಂದೆಯಲ್ಲಿ ನಿಲ್ಲಿಸಿ ಕೈಗೆ ಕೋಲು ಕೊಡುತ್ತಿದ್ದ. ಕೆಲವರು ಅರ್ಥ ಕಲಿತರು, ಕೆಲವರು ಓಡಲು ಕಲಿತರು. ಗೇಟು ಹಗಲೆಲ್ಲ ತೆಗೆದೇ ಇತ್ತು.

ಇಷ್ಟು ಖರ್ಚು ಮಾಡಿ ತಿಳಿದದ್ದನ್ನು ನಿಮಗೆ ಪುಕ್ಕಟೆ ಹೇಳುತ್ತೇನೆ, ಕೇಳಿ. ಯಾರಾದರೂ ಕಥೆಗೆ ಆಳದ ಅರ್ಥ ಹೇಳಲು ಬಂದರೆ ಬೇಡ ಅನ್ನಬೇಡಿ, ಆದರೆ ಮೊದಲನೆಯ ಅರ್ಥವನ್ನು ಕುರಿಯ ಹಲ್ಲು ನೋಡಿದ ಹಾಗೆ ಬಾಯಿ ತೆಗೆಸಿ ನೋಡಿ. ಅದು ಗಟ್ಟಿ ಇಲ್ಲದಿದ್ದರೆ ಮುಂದಿನ ಮೂರಕ್ಕೆ ಕೈ ಹಾಕಬೇಡಿ. ಕಥೆಯನ್ನು ಕೊನೆಯವರೆಗೆ ಓದಿ, ಕೊನೆಯಲ್ಲಿ ಊಟಕ್ಕೆ ಬಂದವರು ಮೊದಲು ಎಲ್ಲಿದ್ದರು ಎಂದು ಕೇಳಿ. ಯಾವುದೇ ಊರಿಗೆ ಮನೆ ಮಾಡಲು ಹೋದರೆ ಬಾವಿಯ ನೀರು ಕುಡಿದು ನೋಡಿ, ಆ ಬಾವಿಯ ಗೇಟಿನ ಬೀಗದಕೈ ಯಾರ ಹತ್ತಿರ ಇದೆ ಎಂದೂ ಕೇಳಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ನಿಮಗೆ ಬೇಕಾದ ಮೇಷ್ಟ್ರಾಗಲಿ, ಡಾಕ್ಟರಾಗಲಿ, ಉಪದೇಶಿಯಾಗಲಿ ನಿಮ್ಮ ಬೀದಿಯಲ್ಲಿ ಇದ್ದರೆ, ಅವರ ಮೇಲಿನವರು ಬಂದು ವಿಚಾರಿಸಿದಾಗ ಮುಖ ಸಪ್ಪಗೆ ಮಾಡಿಕೊಂಡು, "ಪರವಾಗಿಲ್ಲ ಸ್ವಾಮಿ, ಹೆಂಗೋ ನಡೀತೈತೆ" ಅನ್ನಿ. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಬೇಡಿ.